ಪಾಂಡುರಂಗನ ಹೊಸ ಸ್ಕೋಪ್

"ಈ ಭಾನುವಾರ ಒಂದಾದರೂ ಜಿಂಕೆ ಬೀಳಬೇಕು," ಎಂದು ಹೇಝಲ್ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಳು. "ಬೀಳದಿದ್ದರೆ ನಾನು ಬೇರೆಯವರನ್ನು ಕರೆಸುತ್ತೇನೆ. ನೀವಿಬ್ಬರೂ ಮತ್ತೆ ಬರುವುದು ಬೇಡ."

ಎನ್‌ಫೀಲ್ಡಿನ ಉತ್ತರದ ಅಂಚಿನಲ್ಲಿ ಹೇಝಲಳ ಜಮೀನು. ಲಂಡನ್ ಅಲ್ಲಿ ದಿಢೀರನೆ ಮುಗಿದುಹೋಗುತ್ತದೆ. ಕೊನೆಯ ಬಸ್ ಸ್ಟಾಪು ದಾಟಿದರೆ ಗೋಧಿಯ ಹೊಲ, ಹೊಲದಾಚೆ ಓಕ್ ಮರಗಳ ಕಾಡು, ಕಾಡಿನ ಬೆನ್ನಿಗೆ ಹಗಲೂ ರಾತ್ರಿ ಹೂಂಕರಿಸುವ ಎಂ-25 ಹೆದ್ದಾರಿ. ಆ ಕಾಡಿನಲ್ಲಿ ಫ್ಯಾಲೋ ಜಿಂಕೆಗಳ ಹಿಂಡೊಂದು ಬೀಡುಬಿಟ್ಟಿತ್ತು. ಬೇಸಿಗೆಯಲ್ಲಿ ಮೈತುಂಬ ಚುಕ್ಕೆ, ಚಳಿಗಾಲದಲ್ಲಿ ಬೂದು ಬಣ್ಣ. ಮೊಳಕೆಯೊಡೆದ ಗೋಧಿಯನ್ನು ಮೇದದ್ದು ಸಾಲದೆ, ಹಿಂದಿನ ತಿಂಗಳು ಒಂದು ಜಿಂಕೆ ರಸ್ತೆಗೆ ಹಾರಿ ಬೈಕ್ ಸವಾರನೊಬ್ಬನ ಸೊಂಟ ಮುರಿದಿತ್ತು. ೨೦೦೩ರ ನವೆಂಬರ್ ಅದು. ಹೆಣ್ಣು ಜಿಂಕೆ ಹೊಡೆಯಲು ಕಾನೂನು ಅನುಮತಿ ಕೊಡುವ ಕಾಲ ಆಗಷ್ಟೇ ಶುರುವಾಗಿತ್ತು.

ಫೋನು ಇಟ್ಟ ಪಾಂಡುರಂಗ ನೇರವಾಗಿ ಚಂದ್ರಶೇಖರನನ್ನು ಕರೆದುಕೊಂಡು ಬಂದೂಕಿನ ಅಂಗಡಿಗೆ ಹೋದ. ಬೆಳಗಾವಿಯ ಪಾಂಡುರಂಗ ಕೆಂಟನ್‌ನಲ್ಲಿ ಮನೆಮಾಡಿ, ಹ್ಯಾರೋ ಕಡೆ ಕೆಂಪು ಬಸ್ಸು ಓಡಿಸುತ್ತ ತಲೆ ನರೆಸಿಕೊಂಡವನು. ಚಂದ್ರಶೇಖರ ಬೆಂಗಳೂರಿನಿಂದ ಬಂದ ಕಂಪ್ಯೂಟರಿನವನು, ಹತ್ತು ವರ್ಷ ಚಿಕ್ಕವನು. ಹೇಝಲಳ ಬೆಳೆ ಕಾಯಲು ಬಿಡುವಿನ ದಿನ ಜಿಂಕೆ ಹೊಡೆಯುತ್ತಿದ್ದ ಇಬ್ಬರಿಗೂ ಬಂದೂಕಿನ ಲೈಸೆನ್ಸ್ ಇತ್ತು, ಒಬ್ಬೊಬ್ಬರದೂ ಒಂದೊಂದು ರೈಫಲ್. ಚಂದ್ರುವಿಗೆ ಕಾಡಿನಲ್ಲಿ ಹೆಜ್ಜೆಯಿಡುವುದನ್ನು ಕಲಿಸಿದವನೇ ಪಾಂಡುರಂಗ.

"ಹಳೇ ಸ್ಕೋಪಿನ ಒಳಗ ಮಂಜು ಹಿಡದೈತಿ. ಹೊಸಾದ ಬೇಕು," ಎಂದಿದ್ದ ಪಾಂಡುರಂಗ. ಗುರಿ ಹಿಡಿಯಲು ರೈಫಲಿನ ಮೇಲೆ ಕೂರಿಸುವ ಆ ಹಳೆಯ ದುರ್ಬೀನನ್ನು ಚಂದ್ರುವಿಗೆ ತೋರಿಸಿರಲಿಲ್ಲ.

ಅಂಗಡಿಯವನು ಬುದ್ಧಿವಂತ. ದೀಪದ ಬೆಳಕಿನಲ್ಲಿ ಎಲ್ಲ ಸ್ಕೋಪೂ ಚೆಂದ ಕಾಣುತ್ತದೆ ಎಂದು, ಸಂಜೆಗತ್ತಲಾಗುವವರೆಗೆ ಕಾದು ಇಬ್ಬರನ್ನೂ ಹಿತ್ತಲಿಗೆ ಕರೆದೊಯ್ದ. ಎರಡು ಸ್ಕೋಪುಗಳನ್ನು ಮೇಜಿನ ಮೇಲಿಟ್ಟು, ದೂರದ ಬೇಲಿಯ ಬುಡವನ್ನು ತೋರಿಸಿದ. ಮೊದಲನೆಯದು ಆರು ಪಟ್ಟು ದೊಡ್ಡದು ಮಾಡಿ ತೋರಿಸುವಂಥದ್ದು, ಅಷ್ಟೇ. ತಿರುಗಿಸುವ ಉಂಗುರ ಗಿಂಗುರ ಏನೂ ಇಲ್ಲ. ಎರಡನೆಯದು ಉದ್ದ, ಭಾರ. ಉಂಗುರ ತಿರುಗಿಸಿದರೆ ಇಪ್ಪತ್ತನಾಲ್ಕು ಪಟ್ಟಿನವರೆಗೆ ಹೋಗುತ್ತದೆ.

ಚಂದ್ರು ಎರಡಕ್ಕೂ ಕಣ್ಣಿಟ್ಟು ನೋಡಿದ. "ಪಾಂಡಣ್ಣ, ಈ ಆರು ಪಟ್ಟಿಂದೇ ತಗೊಳ್ಳಿ. ನನ್ ಹತ್ರ ಇರೋದೂ ಇದೇ. ನಾವು ಹೊಡೆಯೋದು ನೂರು, ನೂರೈವತ್ತು ಗಜ. ಅದಕ್ಕಿಂತ ಹೆಚ್ಚು ಯಾಕೆ? ಆ ದೊಡ್ಡದರಲ್ಲಿ ಪವರ್ ಏರಿಸಿದ್ರೆ ನೋಡಿ, ಕತ್ತಲೆ ಕತ್ತಲೆ. ಕಾಣೋ ಜಾಗಾನೂ ಕಿರಿದಾಗತ್ತೆ. ಜಿಂಕೆ ಎರಡು ಹೆಜ್ಜೆ ಇಟ್ರೆ ಹುಡುಕಾಡಬೇಕು."

ಅಂಗಡಿಯವನೂ ತಲೆಯಾಡಿಸಿದ. "ನಿನ್ನ ಗೆಳೆಯ ಹೇಳುವುದು ಸರಿ. ಆ ದೊಡ್ಡದು ಹಗಲಿನಲ್ಲಿ ಕಾಗದದ ಗುರಿಗೆ ಹೊಡೆಯುವವರಿಗೆ."

ಪಾಂಡುರಂಗ ಆರು ಪಟ್ಟಿನದಕ್ಕೆ ಬಲಗಣ್ಣಿಟ್ಟ. ಬೇಲಿ ಕಂಡಿತು, ಹುಲ್ಲು ಕಂಡಿತು. ಆದರೆ ಗುರಿಯ ಎರಡು ಕಪ್ಪು ಗೆರೆಗಳು ಕೂಡುವ ಕಡೆ, ನಟ್ಟನಡುವೆ, ಯಾರೋ ಒದ್ದೆ ಹೆಬ್ಬೆಟ್ಟು ಒತ್ತಿದ ಹಾಗೆ ಮಸುಕು. ಅಡ್ಡಗೆರೆ ಅಲ್ಲಿಗೆ ಬಂದು ಬಾಗಿಹೋಗಿತ್ತು.

ಈ ಬಾಗು ಬೇಸಿಗೆಯಿಂದಲೇ ಇತ್ತು. ಬಚ್ಚಲಮನೆಯ ಟೈಲ್ಸಿನ ಗೆರೆಗಳೂ ಬಲಗಣ್ಣಿಗೆ ಹಾಗೇ ಕಾಣುತ್ತಿದ್ದವು. ಸಕ್ಕರೆ ಕಾಯಿಲೆಯ ಹಳೇ ರೋಗಿ ಅವನು. ಕಣ್ಣು ತೋರಿಸಿಕೊಂಡು ಬಾ ಎಂದು ಬಡಾವಣೆಯ ಡಾಕ್ಟರು ಎರಡು ಸಲ ಹೇಳಿದ್ದರು. ಅವನು ಹೋಗಿರಲಿಲ್ಲ. ಕಣ್ಣಿನ ಡಾಕ್ಟರು ಕಣ್ಣು ಕೆಟ್ಟಿದೆ ಎಂದರೆ ಬಸ್ಸಿನ ಲೈಸೆನ್ಸು ಹೋಗುತ್ತದೆ. ಎಡಗಣ್ಣು ಚೆನ್ನಾಗಿದೆಯಲ್ಲ, ಬಸ್ಸಿಗೆ ಅದು ಸಾಕು ಎಂದು ತನಗೆ ತಾನೇ ಹೇಳಿಕೊಂಡಿದ್ದ. ಹೆಂಡತಿ ಸುಶೀಲಾಬಾಯಿಗೂ ಗೊತ್ತಿರಲಿಲ್ಲ.

ಅವನು ದೊಡ್ಡ ಸ್ಕೋಪಿನ ಉಂಗುರ ತಿರುಗಿಸಿದ. ಬೇಲಿ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಎಲ್ಲವೂ ದೊಡ್ಡದಾದಾಗ ಮಸುಕಿನ ಸುತ್ತ ಬೇಕಾದಷ್ಟು ಕಂಡಂತಾಯಿತು. ಎದೆ ಹಗುರಾಯಿತು.

"ಇದ ಬೇಕು," ಎಂದ.

"ಅಣ್ಣಾ, ಯಾಕೆ ಹಟ?"

"ನೀ ನನಗ ಬ್ಯಾಟಿ ಕಲಸ್ತೀಯೇನ್ಲೇ?"

ಚಂದ್ರು ಮುಖ ಸಣ್ಣದು ಮಾಡಿಕೊಂಡು ಆರು ಪಟ್ಟಿನದನ್ನು ಅಂಗಡಿಯವನ ಕೈಗೆ ಹಿಂತಿರುಗಿಸಿದ. ಮರುದಿನ ಗುರಿ ಸರಿಹೊಂದಿಸುವ ಮೈದಾನದಲ್ಲಿ ಪಾಂಡುರಂಗ ಭುಜ ನೋವೆಂದು ನೆಪ ಹೇಳಿ, ರೈಫಲನ್ನು ಚಂದ್ರುವಿನ ಕೈಯಲ್ಲೇ ಹೊಡೆಸಿ ಸ್ಕೋಪು ಕೂರಿಸಿಕೊಂಡ.

ಭಾನುವಾರ ನಸುಕಿನಲ್ಲಿ ಇಬ್ಬರೂ ಕಾಡಿನಂಚಿಗೆ ಬಂದರು. ರಾತ್ರಿ ಹಿಮ ಬಿದ್ದು ಹುಲ್ಲು ಗರಿಗರಿಯಾಗಿತ್ತು. ಓಕ್ ಮರಗಳಲ್ಲಿ ಇನ್ನೂ ಉದುರದ ತಾಮ್ರದ ಬಣ್ಣದ ಎಲೆಗಳು, ಅವುಗಳ ಕೆಳಗೆ ತೆವಳುವ ಮಂಜು. ಹಿಂದೆ ಎನ್‌ಫೀಲ್ಡಿನ ಬೀದಿದೀಪಗಳು ಕಿತ್ತಳೆ ಬಣ್ಣದ ಮಣಿಸರದಂತೆ ಉರಿಯುತ್ತಿದ್ದವು. ಮುಂದೆ ಎದ್ದು ನಿಂತ ದಿಬ್ಬ, ದಿಬ್ಬದ ಮೈಗೆ ಹಸಿರು ಗೋಧಿ. ದಿಬ್ಬ ಜಿಂಕೆಯ ಬೆನ್ನಿಗಿದ್ದರೆ ತಪ್ಪಿದ ಗುಂಡು ಮಣ್ಣಿಗೆ ಹೋಗುತ್ತದೆ. ಅದಕ್ಕೇ ಆ ಜಾಗ ಆರಿಸಿದ್ದರು.

ಇಬ್ಬರೂ ಬಿದ್ದ ಮರವೊಂದರ ಹಿಂದೆ ಮಲಗಿದರು. ಬೆರಳು ಮರಗಟ್ಟತೊಡಗಿದವು.

"ಬಂದ್ವು," ಚಂದ್ರು ಉಸಿರಿನಲ್ಲೇ ಹೇಳಿದ.

ಮಂಜಿನೊಳಗಿಂದ ಹೆಣ್ಣು ಜಿಂಕೆಗಳು ಒಂದರ ಹಿಂದೊಂದು ಹೊರಬಂದವು. ನೂರು ಗಜಕ್ಕಿಂತ ತುಸು ದೂರ, ಅಷ್ಟೇ. ಮುಂದಿನದು ಕತ್ತೆತ್ತಿ ಗಾಳಿ ಮೂಸಿತು.

"ಮುಂದಿಂದು ನಿಮ್ದು. ಅಡ್ಡ ನಿಂತಿದೆ. ಆರಾಮಾಗಿ ಹೊಡೀರಿ."

ಪಾಂಡುರಂಗ ಸ್ಕೋಪಿಗೆ ಕಣ್ಣಿಟ್ಟ. ಬರೀ ಬೂದುಬಣ್ಣ. ಮಂಜೋ, ಹೊಲವೋ, ಜಿಂಕೆಯೋ ತಿಳಿಯಲಿಲ್ಲ. ರೈಫಲನ್ನು ಎಡಕ್ಕೆ ಸರಿಸಿದ, ಬಲಕ್ಕೆ ಸರಿಸಿದ. ಕಾಲು ಕಂಡಿತು, ಜಾರಿತು. ಮತ್ತೆ ಬೆನ್ನು ಕಂಡಿತು.

"ಪವರ್ ಇಳಿಸಿ ಅಣ್ಣ!"

ಇಳಿಸಿದರೆ ಬಾಗಿದ ಗೆರೆ ಮತ್ತೆ ಮುಂದೆ ಬರುತ್ತದೆ. ಅವನು ಇಳಿಸಲಿಲ್ಲ. ಗುರಿಯಿಡಬೇಕಾದ ಭುಜದ ಕಡೆ ಮಸುಕು. ಮಸುಕಿನ ಪಕ್ಕದಲ್ಲಿ ಹೊಟ್ಟೆಯ ಗೆರೆ ಸ್ಪಷ್ಟವಾಗಿತ್ತು. ಅಲ್ಲಿಂದ ಅಂದಾಜು ಮಾಡಿದ. ಜಿಂಕೆ ಹೆಜ್ಜೆ ಎತ್ತಿತು. ಅವನು ಬಂದೂಕಿನ ಕುದುರೆ ಎಳೆದ.

ಢಂ!

ಹಿಂಡು ಚೆಲ್ಲಾಪಿಲ್ಲಿಯಾಯಿತು. ಮುಂದಿದ್ದ ಜಿಂಕೆ ಬೆನ್ನು ಗೂನು ಮಾಡಿ, ಹಿಂಗಾಲು ಝಾಡಿಸಿ, ತಲೆ ಕೆಳಗೆ ಹಾಕಿ ಕಾಡಿನೊಳಗೆ ಓಡಿತು.

ಚಂದ್ರು ಎದ್ದು ಕೂತ. "ಹೊಟ್ಟೆಗೆ ಹೊಡೆದ್ರಿ."

ಜಿಂಕೆ ನಿಂತಿದ್ದ ಜಾಗದಲ್ಲಿ ಕೆಂಪಿಗಿಂತ ಹೆಚ್ಚಾಗಿ ಹಸಿರು ಮಿಶ್ರಿತ ಕಂದು ಕಲೆಗಳಿದ್ದವು. ಅರೆಜೀರ್ಣವಾದ ಗೋಧಿ. ಇಂಥ ಗಾಯದಿಂದ ಪ್ರಾಣಿ ಬೇಗ ಸಾಯುವುದಿಲ್ಲ. ಇಡೀ ದಿನ ನರಳುತ್ತದೆ. ಬೆನ್ನಟ್ಟಿದರೆ ಹೆದ್ದಾರಿಯ ಬೇಲಿಯನ್ನೂ ಹಾರೀತು, ಆಮೇಲೆ ಕಾರುಗಳ ಗತಿ ದೇವರಿಗೇ ಗೊತ್ತು.

"ಆ ದರಿದ್ರ ಸ್ಕೋಪು ಬೇಡ ಅಂತ ಬಡ್ಕೊಂಡೆ ನಾನು!" ಚಂದ್ರು ಹಲ್ಲು ಕಚ್ಚಿದ. "ಕೇಳಿದ್ರಾ?"

ಪಾಂಡುರಂಗ ಫೋನು ತೆಗೆದು ಹೇಝಲಳನ್ನು ಕರೆದ. ಅವಳು ತನ್ನ ಮುದಿ ಲ್ಯಾಬ್ರಡಾರ್ ನಾಯಿ ಬ್ರ್ಯಾಂಬಲ್‌ನ ಹಗ್ಗ ಹಿಡಿದು ಬಂದಳು, ನೆಲದ ಕಲೆ ನೋಡಿದಳು, ಪಾಂಡುರಂಗನನ್ನೊಮ್ಮೆ ನೋಡಿದಳು. ಬೈದಿದ್ದರೆ ಅವನಿಗೆ ವಾಸಿ ಎನಿಸುತ್ತಿತ್ತು.

ಜಿಂಕೆ ಎಲ್ಲಾದರೂ ಮಲಗಲಿ ಎಂದು ಸಾಕಷ್ಟು ಹೊತ್ತು ಕಾದು, ನಾಯಿಯನ್ನು ಮುಂದೆ ಬಿಟ್ಟು ಮೂವರೂ ಕಾಡು ಹೊಕ್ಕರು. ಬ್ರ್ಯಾಂಬಲ್ ಮೂಗು ನೆಲಕ್ಕೊತ್ತಿ ಹಗ್ಗ ಜಗ್ಗುತ್ತ ಸಾಗಿತು. ಮುಳ್ಳುಪೊದೆಗಳ ಕೆಳಗೆ ತೆವಳಿದರು. ಹಾಲಿ ಎಂಬ ಗಿಡದ ಮುಳ್ಳಂಚಿನ ಎಲೆಗಳು ಮುಖ ಗೀಚಿದವು. ಒಂದು ಕಡೆ ಎಲೆಯ ಮೇಲೆ ಹನಿ, ಇನ್ನೊಂದು ಕಡೆ ಒತ್ತಿಹೋದ ಹುಲ್ಲು. ಜಿಂಕೆ ಅಲ್ಲಿ ಮಲಗಿ ಮತ್ತೆ ಎದ್ದಿತ್ತು. ಹೆದ್ದಾರಿಯ ಸದ್ದು ಹೆಜ್ಜೆಹೆಜ್ಜೆಗೂ ದೊಡ್ಡದಾಯಿತು.

ತೊರೆಯ ದಡಕ್ಕೆ ಬಂದಾಗ ಬ್ರ್ಯಾಂಬಲ್ ನಿಂತುಬಿಟ್ಟಿತು. ವಾರವೆಲ್ಲ ಸುರಿದ ಮಳೆಗೆ ತೊರೆ ಉಕ್ಕಿತ್ತು. ನಾಯಿ ಅತ್ತಿತ್ತ ಸುಳಿದು ಕುಂಯ್‌ಗುಟ್ಟಿತು.

"ನೀರಿಗಿಳಿದಿದೆ. ವಾಸನೆ ಹೋಯಿತು," ಎಂದಳು ಹೇಝಲ್. "ನನ್ನ ನಾಯಿಗೂ ವಯಸ್ಸಾಯಿತು. ಬಿಟ್ಟುಬಿಡೋಣವೇ?"

"ಇಲ್ಲ," ಎಂದ ಪಾಂಡುರಂಗ.

ರೈಫಲಿನ ಗುಂಡು ತೆಗೆದು, ಬೆನ್ನಿಗೇರಿಸಿ, ನೀರಿಗೆ ಧುಮುಕಿದ. ಸೊಂಟದವರೆಗೆ ಚಳಿ ಕೊಡಲಿಯ ಹಾಗೆ ಕಡಿಯಿತು. ಕಾಲಡಿಯ ಕಲ್ಲು ಜಾರಿತು. ಬಿದ್ದ. ನೀರು ತಲೆಯ ಮೇಲೆ ಹರಿಯಿತು. ಮರದ ಬೇರೊಂದನ್ನು ಹಿಡಿದು ಎದ್ದ, ಕೆಮ್ಮಿದ, ಮತ್ತೆ ನಡೆದ. ಎಡಗಣ್ಣನ್ನು ಆಚೆ ದಡದ ಮೇಲೇ ನೆಟ್ಟಿದ್ದ. ಯಾವ ಪ್ರಾಣಿಯೂ ಗಾಯವಾದಾಗ ಕಡಿದಾದ ದಡ ಹತ್ತುವುದಿಲ್ಲ. ತಗ್ಗು ಹುಡುಕಬೇಕು. ತೊರೆ ತಿರುಗುವ ಕಡೆ ತಗ್ಗು ಸಿಕ್ಕಿತು. ಕೆಸರಿನಲ್ಲಿ ಸೀಳುಗೊರಸು ಜಾರಿದ ಗುರುತು, ಪಕ್ಕದ ಬೇರಿಗೆ ಕಂದು ಕಲೆ.

ತಲೆಯೆತ್ತಿದ. ಮುಳ್ಳುಪೊದೆಯೊಳಗೆ ಜಿಂಕೆ ಮಲಗಿತ್ತು.

ಕಲ್ಲೆಸೆದರೆ ಬೀಳುವಷ್ಟು ಹತ್ತಿರ. ಕಿವಿಗಳೆರಡೂ ಅವನ ಕಡೆಗೇ ನೆಟ್ಟಿದ್ದವು. ಅದರ ಹಿಂದೆ ತಂತಿಬೇಲಿ, ಬೇಲಿಯಾಚೆ ಲಾರಿಗಳ ಸಾಲು.

ಅವನು ಇಲ್ಲಿಂದ ಹೊಡೆಯುವಂತಿರಲಿಲ್ಲ. ಗುಂಡು ನೇರ ಹೆದ್ದಾರಿಗೆ ಹೋಗುತ್ತದೆ. ಮೇಲಿನ ದಡದಿಂದ ಕೆಳಮುಖವಾಗಿ, ಮಣ್ಣಿನ ಕಡೆಗೆ ಹೊಡೆಯಬೇಕು. ಆದರೆ ಅವನು ಅಲುಗಿದರೆ ಜಿಂಕೆ ಏಳುತ್ತದೆ.

ಹಿಂದೆ ದಡದ ಮೇಲೆ ಚಂದ್ರು ಬಂದು ಕೂತದ್ದು ಅವನಿಗೆ ಗೊತ್ತಾಯಿತು.

"ಚಂದ್ರೂ," ತುಟಿ ಅಲುಗಿಸದೆ ಹೇಳಿದ. "ನೀ ಮ್ಯಾಲಿಂದ ಸುತ್ತಹಾಕಿ ಬಾ. ನೀನ ಹೊಡಿ. ನಾ ಇಲ್ಲೆ ನಿಂದರ್ತೀನಿ. ಅದು ನನ್ನ ನೋಡಿಕೋತ ಇರ್ಲಿ."

"ನೀವೇ ಮೇಲೆ ಬನ್ನಿ. ನಿಮ್ ಜಿಂಕೆ. ಸ್ಕೋಪು ಪೂರ್ತಿ ಇಳಿಸ್ಕೊಳ್ಳಿ, ಕಾಣತ್ತೆ."

"ಸ್ಕೋಪಿಂದಲ್ಲೋ. ನನ್ನ ಬಲಗಣ್ಣಿನ ನಡುವ ಏನೂ ಕಾಣಂಗಿಲ್ಲ."

ಹಿಂದೆ ಎಲೆಗಳು ಮೆಲ್ಲನೆ ಸರಿದವು. ಚಂದ್ರು ತೆವಳತೊಡಗಿದ್ದ.

ಪಾಂಡುರಂಗ ನೀರಿನಲ್ಲಿ ನಿಂತ. ಕಾಲಿದೆಯೋ ಇಲ್ಲವೋ ತಿಳಿಯದಂತಾಯಿತು. ಹಲ್ಲು ಕಟಕಟ ಎನ್ನದಿರಲೆಂದು ಅಂಗಿಯ ಕಾಲರು ಕಚ್ಚಿದ. ಜಿಂಕೆ ಅವನನ್ನೇ ನೋಡುತ್ತಿತ್ತು. ಒಂದೊಂದು ಉಸಿರಿಗೂ ಅದರ ಪಕ್ಕೆ ನಡುಗುತ್ತಿತ್ತು. ಅವನು ಕಣ್ಣು ತಪ್ಪಿಸಲಿಲ್ಲ. ತಪ್ಪಿಸುವ ಹಕ್ಕು ತನಗಿಲ್ಲ ಎನಿಸಿತು.

ಜಿಂಕೆ ಮುಂಗಾಲೂರಿತು. ಏಳಲು ನೋಡಿತು.

ಢಂ!

ಅದು ಮುಂಗಾಲಿನ ಮೇಲೇ ಕುಸಿದು, ಒಂದು ಸಲ ಕಿವಿ ಅಲುಗಿಸಿ, ಸುಮ್ಮನಾಯಿತು. ಬೇಲಿಯಾಚೆ ಲಾರಿಗಳು ಅದೇ ವೇಗದಲ್ಲಿ ಓಡುತ್ತಿದ್ದವು.

ಜಿಂಕೆಯನ್ನು ತೊರೆ ದಾಟಿಸಿ, ಕಾಡಿನೊಳಗೆ ಎಳೆದು ತರುವಷ್ಟರಲ್ಲಿ ಬಿಸಿಲು ಬಂದಿತ್ತು. ಇಬ್ಬರೂ ಒಂದೇ ಹಗ್ಗಕ್ಕೆ ಭುಜ ಕೊಟ್ಟಿದ್ದರು. ಹೊಲದ ಅಂಚಿಗೆ ಬಂದಾಗ ಚಂದ್ರು ಹಗ್ಗ ಬಿಟ್ಟ.

"ಎಷ್ಟು ದಿನದಿಂದ?"

"ಬ್ಯಾಸಗಿಂದ."

"ಬೇಸಿಗೆಯಿಂದ ಬಸ್ಸು ಓಡಿಸ್ತಿದೀರಾ?"

"ಎಡಗಣ್ಣು ಚೊಲೋ ಐತಿ."

"ಅಪೂರ್ವಾ ದಿನಾ ನಿಮ್ ಬಸ್ಸಲ್ಲೇ ಸ್ಕೂಲಿಗೆ ಹೋಗ್ತಾಳೆ." ಚಂದ್ರುವಿನ ದನಿ ಏರಲಿಲ್ಲ. "ನನ್ ಮಗಳು. ಪಾಂಡಂಕಲ್ ಬಸ್ಸು ಅಂತ ಮುಂದಿನ ಸೀಟಲ್ಲೇ ಕೂತ್ಕೊಳ್ತಾಳೆ."

ಪಾಂಡುರಂಗ ಬಗ್ಗಿ ಹಗ್ಗ ಎತ್ತಿಕೊಂಡ.

ಕೊಟ್ಟಿಗೆಯಲ್ಲಿ ಜಿಂಕೆಯನ್ನು ತೂಗುಹಾಕಿದ ಮೇಲೆ ಹೇಝಲ್ ಕಂಬಳಿ ತಂದು ಪಾಂಡುರಂಗನ ಹೆಗಲ ಮೇಲೆ ಹಾಕಿದಳು. "ಮುಳ್ಳಿನಲ್ಲಿ ಕೊಳೆಯಲು ಬಿಡದೆ ತಂದಿರಿ, ಅದೊಂದು ಸಮಾಧಾನ," ಎಂದಳು. ಆಮೇಲೆ ಚಂದ್ರುವಿನ ಕಡೆ ತಿರುಗಿದಳು. "ಮುಂದಿನ ವಾರ ನೀನು ಬಾ."

ನೀನು ಎಂದಳು, ನೀವಿಬ್ಬರೂ ಎನ್ನಲಿಲ್ಲ.

ಕೆಂಟನ್‌ವರೆಗೆ ಚಂದ್ರುವೇ ಕಾರು ಓಡಿಸಿದ. ಮನೆಯ ಮುಂದೆ ಇಳಿಸಿ, ರೈಫಲಿನ ಪೆಟ್ಟಿಗೆಯನ್ನು ಕೈಗೆ ಕೊಟ್ಟು, "ಬರ್ತೀನಿ, ಪಾಂಡುರಂಗ ಅವ್ರೇ," ಎಂದ. ಅಣ್ಣ ಎನ್ನಲಿಲ್ಲ. ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಪಾಂಡುರಂಗ ಒದ್ದೆ ಬೂಟಿನಲ್ಲಿ ಅಲ್ಲೇ ನಿಂತಿದ್ದ.

ಸುಶೀಲಾಬಾಯಿ ಬಾಗಿಲು ತೆಗೆದವಳೇ ಗಾಬರಿಯಾದಳು. "ಅಯ್ಯ ಇದೇನ್ರೀ, ಹಿಂಗ ತೋಯಿಸಿಕೊಂಡ ಬಂದೀರಿ? ಸಿಕ್ತೇನು?"

"ಸಿಕ್ತು. ಚಂದ್ರು ಹೊಡದ." ಬೂಟು ಬಿಚ್ಚಲು ಮೆಟ್ಟಿಲ ಮೇಲೆ ಕೂತ. ಬೆರಳು ಇನ್ನೂ ಹಿಡಿತಕ್ಕೆ ಬಂದಿರಲಿಲ್ಲ. "ಹುಡಿಕಿದಾಂವ ನಾನು."

ಹೇಳಿದ ಮೇಲೆ ಆ ಮಾತು ನಿಜವೆಂದು ಅವನಿಗೇ ತಿಳಿಯಿತು. ನಾಯಿ ಕೈಬಿಟ್ಟಿದ್ದನ್ನು ಅವನು ಹುಡುಕಿದ್ದ. ಆ ದಿನ ಅವನಿಗೆ ದಕ್ಕಿದ್ದು ಅಷ್ಟು.

"ಸುಶೀ, ಆ ಫೋನ್ ಇಲ್ಲೆ ಕೊಡು."

"ಯಾರಿಗ್ರೀ?"

"ಡಿಪೋಕ್ಕ. ನಾಳಿಂದ ಬಸ್ಸಿಗೆ ಬ್ಯಾರೇ ಯಾರನರ ಹಾಕ್ರಿ ಅಂತ ಹೇಳಬೇಕು." ಅವನು ಹೆಂಡತಿಯ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡ. "ಮೊದಲ ನೀ ಕೂಡು. ನಿನಗ ಹೇಳೂದೈತಿ."