ರೆಕ್ಕೆಯದೋ, ಟ್ಯಾಂಕಿನದೋ

“ಆ ಕಾಗದಕ್ಕೆ ಸಹಿ ಹಾಕ್ಬೇಡಿ.”

ಪೆನ್ನಿನ ಮುಚ್ಚಳ ತೆಗೆದಿದ್ದ ಅಪ್ಪನ ಕೈ ಮೇಜಿನ ಮೇಲೆ ಹಾಗೆಯೇ ನಿಂತಿತು. ಎದುರಿಗೆ ಕೂತಿದ್ದ ಡ್ರೋನ್ ಮಾರುವವನು ನೀರಿನ ಲೋಟ ಕೆಳಗಿಟ್ಟ. ಮಗ ಅಮ್ಮನ ಮುಖ ನೋಡಿದ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಮನೆಗೆ ಟ್ರ್ಯಾಕ್ಟರ್ ಬಂದಿತ್ತು, ಬಿತ್ತನೆ ಯಂತ್ರ ಬಂದಿತ್ತು, ಎರಡು ಸಲ ಪಂಪು ಬದಲಾಗಿತ್ತು. ಒಂದಕ್ಕಾದರೂ ಆಕೆ ಬಾಯಿ ಹಾಕಿದವಳಲ್ಲ. ಅಂಥವಳು ಇವತ್ತು ಹೊರಗಿನವನ ಎದುರಿಗೇ ಗಂಡನ ಕೈ ತಡೆದಿದ್ದಳು.

“ಟ್ಯಾಂಕಿನದ್ದು ಬೇಡ. ರೆಕ್ಕೆಯದ್ದೇ ತಗೊಳ್ಳಿ.”

ಮಾರುವವನು ತೋರಿಸಿದ್ದು ಎರಡು ಬಗೆಯ ಡ್ರೋನ್. ಒಂದು ಆರು ತೋಳಿನದು, ಹೊಟ್ಟೆಯಡಿ ಹತ್ತು ಲೀಟರಿನ ಟ್ಯಾಂಕು; ಹಾರುವುದು ಹತ್ತೇ ನಿಮಿಷವಾದರೂ ಬೆಳೆಯ ನೆತ್ತಿಯ ಮೇಲೆ ಸಾಗಿ ಔಷಧಿ ಸಿಂಪಡಿಸುತ್ತದೆ. ಇನ್ನೊಂದು ರೆಕ್ಕೆಯದು. ಗಂಟೆಗಟ್ಟಲೆ ಹಾರುತ್ತದೆ, ದೂರ ಹೋಗುತ್ತದೆ, ಫೋಟೋ ತೆಗೆದು ಜೋಡಿಸಿ ನಕ್ಷೆ ಮಾಡಿಕೊಡುತ್ತದೆ. ಆದರೆ ಒಂದು ಹನಿ ಔಷಧಿ ಹೊರುವುದಿಲ್ಲ. ಎಂಟು ಎಕರೆ ಆಲೂಗಡ್ಡೆಗೆ ಹತ್ತು ದಿನಕ್ಕೊಮ್ಮೆ ಔಷಧಿ ಹೊಡೆಯಲೇಬೇಕು. ಹದಿನಾರು ಲೀಟರಿನ ಡಬ್ಬ ಬೆನ್ನಿಗೆ ಹೊತ್ತು ಹೊತ್ತು ಅಪ್ಪನ ಎಡಭುಜ ಈಗ ತಲೆ ಬಾಚುವಷ್ಟೂ ಮೇಲೇಳುತ್ತಿರಲಿಲ್ಲ. ಯಾವುದನ್ನು ಆರಿಸಬೇಕು ಎಂದು ಕೇಳುವ ಅಗತ್ಯವೇ ಇರಲಿಲ್ಲ.

“ಗಿಡ ಎಲ್ಲೆಲ್ಲಿ ಹಳದಿಯಾಗಿದೆ ಅಂತ ಮೇಲಿಂದ ಕಾಣತ್ತಂತೆ ಕಣೋ,” ಅಂದಳು ಅಮ್ಮ.

“ಕಂಡ್ಮೇಲೆ ಏನ್ ಮಾಡ್ತೀಯಮ್ಮ? ಮೇಲಿಂದಾನೇ ಗದರಿಸ್ತೀಯಾ?” ಎಂದು ಮಗ ನಕ್ಕ. ಅಮ್ಮ ನಗಲಿಲ್ಲ. ಅವಳ ಕಣ್ಣು ತುಂಬಿದ್ದನ್ನು ಅಪ್ಪ ನೋಡಿದ. ಪೆನ್ನಿಗೆ ಮುಚ್ಚಳ ಹಾಕಿ, “ನಾಳೆ ಬಾಪ್ಪ,” ಎಂದು ಮಾರುವವನನ್ನು ಕಳಿಸಿದ.

ಅಮ್ಮನ ಹಟಕ್ಕೆ ಕಾರಣವಿತ್ತು. ನಾಲ್ಕು ವರ್ಷದ ಹಿಂದೆ ಮಗಳು, ಅಪ್ಪನ ಬಾಯಲ್ಲಿ ಸದಾ ‘ಕುಳ್ಳಿ’, ಕಾಲುವೆಯಾಚೆಯ ಮನೆಯ ಟ್ರ್ಯಾಕ್ಟರ್ ಮೆಕ್ಯಾನಿಕ್‌ನನ್ನು ಮೆಚ್ಚಿ ಮದುವೆಯಾದಳು. ಕಾಲುವೆಯ ನೀರಿನ ಸರದಿಗಾಗಿ ಆ ಮನೆಯವರೊಂದಿಗೆ ಅಪ್ಪ ಹತ್ತು ವರ್ಷದಿಂದ ಮಾತು ಬಿಟ್ಟಿದ್ದ. “ಈ ಮನೆಯವರು ಯಾರೂ ಆ ಕಾಲುವೆ ಸೇತುವೆ ದಾಟಬಾರದು,” ಅಂದ. ದಂಡೆಯುದ್ದಕ್ಕೂ ಗಾಳಿಮರ ನೆಟ್ಟ. ಮರಗಳು ಬೆಳೆದು ಆ ಮನೆ ಮರೆಯಾಯಿತು. ಸುದ್ದಿ ಹೇಳಲು ಬಂದವರ ಬಾಯಿಯನ್ನು ಬಾಗಿಲಲ್ಲೇ ಮುಚ್ಚಿಸಿದ. ಆಮೇಲೆ ಯಾರೂ ಹೇಳಲು ಬರಲಿಲ್ಲ. ಕೂಗಿದರೆ ಕೇಳುವಷ್ಟು ಹತ್ತಿರದ ಮಗಳು ಇದ್ದಾಳೋ, ಹೇಗಿದ್ದಾಳೋ... ಹೆತ್ತವಳು ದಿನವೂ ಆ ಮರಗಳನ್ನು ನೋಡುತ್ತಾ ಪಾತ್ರೆ ತೊಳೆದಳು. ಮರದ ಹಿಂದಿನಿಂದ ಒಂದು ಕೆಮ್ಮು ಕೇಳಿದರೂ ಕೈ ನಿಲ್ಲುತ್ತಿತ್ತು.

ಹೋದ ವಾರ ರೆಕ್ಕೆಯ ಡ್ರೋನನ್ನು ಹಾರಿಸಿ ತೋರಿಸಿದಾಗ ಅದು ತಿರುಗಲು ಜಾಗ ಬೇಕೆಂದು ಕಾಲುವೆ ದಾಟಿತ್ತು. ಮಾರುವವನು ಕೊಟ್ಟುಹೋದ ದೊಡ್ಡ ನಕ್ಷೆಯ ಮೂಲೆಯಲ್ಲಿ ಆಚೆ ಮನೆಯ ತಾರಸಿಯೂ ಬಿದ್ದಿತ್ತು. ತಾರಸಿಯಲ್ಲಿ ಬಟ್ಟೆ ಹರಡಿದ್ದರು. ಮೊದಲು ಹೊದಿಕೆ, ಆಮೇಲೆ ಸೀರೆ, ಪ್ಯಾಂಟು, ಅಂಗಿ... ದೊಡ್ಡದರಿಂದ ಚಿಕ್ಕದಕ್ಕೆ, ಶಾಲೆಯ ಮಕ್ಕಳ ಸಾಲಿನಂತೆ. ಹಾಗೆ ಹರಡುವ ಹುಚ್ಚು ಜಗತ್ತಿನಲ್ಲಿ ಒಬ್ಬಳಿಗೇ. ಸಾಲು ಅಂಗಿಗೆ ಮುಗಿದಿರಲಿಲ್ಲ. ಅದರಾಚೆ ಅಂಗೈಯಗಲದ ಬಟ್ಟೆಗಳಿದ್ದವು. ಅಮ್ಮ ಬೆರಳಿಟ್ಟು ಅವನ್ನು ಒಂದೊಂದಾಗಿ ಎಣಿಸಿದಳು. ತಾನು ಅಜ್ಜಿಯಾಗಿದ್ದು ಅವಳಿಗೆ ಗೊತ್ತಾಗಿದ್ದು ಹೀಗೆ.

ಮಾರುವವನನ್ನು ಕಳಿಸಿದ ಆ ಮಧ್ಯಾಹ್ನ ಅಪ್ಪ ಅಡುಗೆಮನೆಗೆ ಬಂದಾಗ ಅವಳು ಬಾಗಿಲ ಹಿಂದೆ ಅಂಟಿಸಿದ್ದ ನಕ್ಷೆಯ ಮುಂದೆ ನಿಂತಿದ್ದಳು. ಅದರಲ್ಲಿ ಎಂಟು ಎಕರೆ ಹೊಲದ ಭಾಗ ಹೊಸದಾಗಿಯೇ ಇತ್ತು. ಮೂಲೆಯೊಂದು ಮಾತ್ರ ಬೆರಳು ಆಡಿ ಆಡಿ ಮಾಸಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ಬಾಗಿದ. ಬಹಳ ಹೊತ್ತು ಬಾಗಿಯೇ ಇದ್ದ.

“ಇದಕ್ಕಾ ರೆಕ್ಕೆಯದ್ದು ಬೇಕು ಅಂದಿದ್ದು?”

“ನಾನು ಸೇತುವೆ ದಾಟಲ್ಲ ರೀ. ನಿಮ್ಮ ಮಾತು ಮೀರಿಲ್ಲ, ಮೀರೋದೂ ಇಲ್ಲ. ತಿಂಗಳಿಗೊಂದು ಸಲ ಮೇಲಿಂದ ನೋಡ್ತೀನಿ, ಅಷ್ಟೆ. ಅಂಗಿ ಎಷ್ಟುದ್ದ ಆಯ್ತು ಅಂತ ಗೊತ್ತಾದ್ರೆ ಸಾಕು ನಂಗೆ...” ಸೆರಗಿನಿಂದ ಮುಖ ಒರೆಸಿಕೊಂಡಳು. “ಔಷಧಿ ಡಬ್ಬ ನಾನು ಹೊರ್ತೀನಿ. ನನ್ನ ಭುಜ ಗಟ್ಟಿ ಇದೆ.”

ಅಪ್ಪ ಮತ್ತೆ ನಕ್ಷೆಗೆ ಬಾಗಿದ. “ಏಳು ಇದಾವೆ,” ಅಂದ.

“ಎಂಟು. ಕೊನೇಲಿ ಟೋಪಿ ಇದೆ ನೋಡಿ.”

ಮಾರನೆಯ ದಿನ ಬೆಳಿಗ್ಗೆ ಅಪ್ಪ ಟ್ಯಾಂಕಿನ ಡ್ರೋನಿಗೇ ಸಹಿ ಹಾಕಿದ. ಅಮ್ಮ ಒಳಗೆ ಹೋಗಿ ನಕ್ಷೆಯ ಅಂಟು ಬಿಡಿಸತೊಡಗಿದಳು. ಆಸೆ ಪಟ್ಟಿದ್ದೇ ತಪ್ಪೇನೋ ಅನ್ನಿಸಿತು. ಆಗ ಹೊರಗಿನಿಂದ ಗಂಡನ ದನಿ ಕೇಳಿತು.

“ಔಷಧಿ ಹೊಡೆಯೋ ಮುಂಚೆ ಅಕ್ಕಪಕ್ಕದವರಿಗೆ ಹೇಳ್ಬೇಕಾ?”

“ಹಿಂದಿನ ದಿನಾನೇ ಹೇಳ್ಬೇಕು ಯಜಮಾನ್ರೇ. ಗಾಳಿಗೆ ಹಾರತ್ತಲ್ಲ. ನೀರಿನ ತೊಟ್ಟಿ ಮುಚ್ಚಬೇಕು, ಮಕ್ಕಳನ್ನ ಹೊರಗೆ ಬಿಡಬಾರದು. ಒಂದು ಫೋನ್ ಮಾಡಿದ್ರೆ ಆಯ್ತು.”

“ಫೋನ್ ಸಾಲದು,” ಅಂದ ಅಪ್ಪ. “ಮನೆಗೇ ಹೋಗಿ ಹೇಳ್ಬೇಕು. ಮಗನಿಗೆ ಯಂತ್ರ ನೋಡ್ಕೊಳೋದೇ ಆಗತ್ತೆ, ನನ್ನ ಕೈಲಿ ಆಗಲ್ಲ.” ತುಸು ತಡೆದು ಒಳಗಿನವಳಿಗೆ ಕೇಳುವಂತೆ ಅಂದ: “ಅವಳೇ ಹೋಗ್ಲಿ.”

ಎರಡು ವಾರದ ನಂತರ, ಡ್ರೋನಿನ ಮೊದಲ ಸಿಂಪರಣೆಯ ಹಿಂದಿನ ಸಂಜೆ, ಅಮ್ಮ ಸೇತುವೆ ದಾಟಿದಳು. ಆ ಗೇಟಿನ ಮುಂದೆ ನಿಂತಾಗ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಕುಳ್ಳಿ ಹೊರಗೆ ಬಂದಳು. ಸೊರಗಿದ್ದಳು. ನೆರಿಗೆಯಲ್ಲಿ ಒದ್ದೆ ಕೈ ಒರೆಸಿಕೊಳ್ಳುವ ಅಭ್ಯಾಸ ಇನ್ನೂ ಹೋಗಿರಲಿಲ್ಲ.

“ನಾಳೆ ಏಳು ಗಂಟೆಗೆ... ಔಷಧಿ ಹೊಡೀತೀವಿ,” ಅಂದಳು ಅಮ್ಮ, ಬಾಯಿಪಾಠ ಒಪ್ಪಿಸುವವಳಂತೆ. “ತೊಟ್ಟಿ ಮುಚ್ಚಿಡಿ. ಮಗೂನ ಹೊರಗೆ ಬಿಡ್ಬೇಡಿ.”

“ಮಗು ಇದೆ ಅಂತ ಯಾರು ಹೇಳಿದ್ರು ನಿಂಗೆ?”

“ಯಾರೂ ಹೇಳ್ಲಿಲ್ಲ ಕಣೇ...”

ಇಬ್ಬರ ನಡುವೆ ಗೇಟಿತ್ತು. ಕುಳ್ಳಿ ಅದರ ಕಂಬಿ ಹಿಡಿದುಕೊಂಡು ಅಮ್ಮನ ಬೆನ್ನ ಹಿಂದೆ ದಾರಿಯತ್ತ ನೋಡಿದಳು.

“ಅಪ್ಪ?”

“ಸೇತುವೆ ತನಕ ಬಂದ್ರು. ಅಲ್ಲೇ ನಿಂತಿದಾರೆ.”

ಕುಳ್ಳಿ ಕೇಳಿದಳು: “ಎಷ್ಟು ದಿನಕ್ಕೊಂದು ಸಲ ಹೊಡೀತೀರಿ?”

“ಹತ್ತು ದಿನಕ್ಕೊಂದು ಸಲ.”

“ಪ್ರತಿ ಸಲಾನೂ ನೀನೇ ಬಂದು ಹೇಳ್ಬೇಕಾ?”

“ಹೇಳಲೇಬೇಕು. ನಿಮ್ಮಪ್ಪನ ಕಟ್ಟಪ್ಪಣೆ. ಮೀರೋ ಹಾಗಿಲ್ಲ.”

ಕುಳ್ಳಿ ಮುಖ ತಿರುಗಿಸಿ ಕಣ್ಣೊರೆಸಿಕೊಂಡು ಗೇಟಿನ ಚಿಲಕ ತೆಗೆದಳು.