ಮಾವನ ಫೈಲಿನ ಒಂಬತ್ತು ಭೇಟಿಗಳು

ರಾತ್ರಿ ಎರಡಕ್ಕೆ ಬೀರುವಿನ ಬಾಗಿಲು ಕಿರ್ ಎಂದಿತು. ಎದ್ದು ಕೂತೆ. ಮತ್ತೆ ಸದ್ದಿಲ್ಲ.

ಬೆಳಿಗ್ಗೆ ನೋಡಿದರೆ ಮಾವನ ಕ್ಲಿನಿಕ್ ಫೈಲ್ ಮಾಯ. ಮರುದಿನವೇ ಅವರ ಸೊಂಟದ ಆಪರೇಷನ್. ಹಳೇ ಕಾಯಿಲೆಗಳ ವಿವರ ಸಂಜೆಯೊಳಗೆ ಸರ್ಜನ್ ಕೈಸೇರಬೇಕು.

"ಆ ಆಯಾನೇ ಕದ್ದಿರೋದು," ಭಾವ ಕೂಗಾಡಿದರು. "ಪೊಲೀಸರನ್ನ ಕರೀತೀನಿ."

"ನಿಮ್ಮಪ್ಪನ ಮೂತ್ರದ ರಿಪೋರ್ಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕ್ಲಾ ನಾನು?" ಆಯಾ ಬಿಡಲಿಲ್ಲ.

"ಫೈಲ್ ಇಲ್ದಿದ್ರೂ ಸರ್ಜನ್‌ಗೆ ಬಾಯಲ್ಲೇ ಹೇಳ್ತೀನಿ," ಎಂದರು ಭಾವ. "ಅಪ್ಪ ಈ ವರ್ಷ ಡಾಕ್ಟರ ಹತ್ರ ಹೋಗಿದ್ದು ಎರಡೇ ಸಲ."

"ಒಂದೇ ಸಲ ಕಣೋ ಅಣ್ಣ," ಎಂದಳು ನಾದಿನಿ. "ನಾನೇ ಕರ್ಕೊಂಡು ಹೋಗಿದ್ದೆ."

ಅತ್ತೆ ಮಾವನ ಕಾಲಿನ ಮೇಲೆ ಹೊದಿಕೆ ಎಳೆದರು.

ಯಾರ ಮಾತು ಬರೆದುಕೊಡುವುದು? ಕೆಲಸದ ಮೇಲೆ ಹೋಗಿದ್ದ ನನ್ನ ಗಂಡ ಬರುವುದು ರಾತ್ರಿಗೆ. ಕೂತಲ್ಲಿ ಕೂರಲಾಗಲಿಲ್ಲ. ಚಪ್ಪಲಿ ಮೆಟ್ಟಿ ಕ್ಲಿನಿಕ್ಕಿಗೆ ಓಡಿದೆ.

*

ಕಿಟಕಿಯ ಗುಮಾಸ್ತ ರಿಜಿಸ್ಟರ್ ತಿರುವಿದ. "ಈ ನಂಬರಲ್ಲಿ ಈ ವರ್ಷ ಒಂಬತ್ತು ಸಲ. ಆರು ಸಲ ಎದೆನೋವು."

ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿಕೊಂಡೆ. ಹೃದಯ ಸರಿಯಿಲ್ಲದವರಿಗೆ ನಾಳೆ ಅರಿವಳಿಕೆ ಕೊಡುವವರಿದ್ದರೇ?

"ಬಂದೋರು ಯಾರು ಅಂತ ನೆನಪಿದೆಯಾ?"

"ದಿನಕ್ಕೆ ಮುನ್ನೂರು ಜನ ಕಣಮ್ಮ. ನಂಬರ್ ನೋಡ್ತೀನಿ, ಮುಖ ನೋಡಲ್ಲ. ಡಾಕ್ಟರೂ ದಿನಕ್ಕೊಬ್ಬರು."

ಆಯಾ ತನ್ನವರಿಗೆ ಯಾರಿಗೋ ಫೈಲ್ ಕೊಟ್ಟಿದ್ದಳೇ? ಆದರೆ ಮೊದಲ ಎದೆನೋವು ಜನವರಿಯದು. ಆಯಾ ಸೇರಿದ್ದು ಆಗಸ್ಟಿನಲ್ಲಿ.

ಬೆರಳು ಕೊನೆಯ ಅಂಕಣಕ್ಕೆ ಜಾರಿತು. ತೂಕ. ಎಪ್ಪತ್ತೆರಡು. ನಲವತ್ತೇಳು. ನಲವತ್ತಾರು. ಎಪ್ಪತ್ತೊಂದು. ನಲವತ್ತನಾಲ್ಕು.

*

ಅತ್ತೆ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದರು. ಬಾಗಿಲು ಹಾಕಿಕೊಂಡೆ.

"ಫೈಲ್ ಕೊಡಿ ಅತ್ತೆ."

ಅವರ ಕೈ ನಿಂತಿತು. "ಹೇಗೆ ಗೊತ್ತಾಯ್ತು?"

"ಭಾವ ತಾವು ಕರ್ಕೊಂಡು ಹೋಗಿದ್ದನ್ನ ಮಾತ್ರ ಎಣಿಸಿದ್ರು. ನಿಮ್ಮ ಮಗಳೂ ಅಷ್ಟೇ. ಇಬ್ಬರದೂ ಸೇರಿ ಮೂರು. ಆ ಮೂರು ದಿನ ತೂಕ ಎಪ್ಪತ್ತರ ಮೇಲಿದೆ. ಎದೆನೋವಿನ ಆರು ದಿನವೂ ಐವತ್ತರ ಕೆಳಗೆ. ಈ ಮನೇಲಿ ಅಷ್ಟು ಹಗುರ ಇರೋದು ನೀವೊಬ್ಬರೇ. ಬೀರುವಿನ ಬೀಗ ಮುರಿದಿಲ್ಲ, ಕೀಲಿ ಇರೋದು ನಿಮ್ಮ ದಿಂಬಿನಡಿ."

ಅವರು ಮಂಚದ ಮೇಲೆ ಕುಸಿದು ಕೂತರು. "ಹೊಸ ಫೈಲಿಗೆ ಮಕ್ಕಳ ಫೋನ್ ನಂಬರ್ ಕೇಳ್ತಾರೆ. ಅವರಿಗೆ ಗೊತ್ತಾದ್ರೆ ನನ್ನನ್ನ ಹಾಸಿಗೇಲಿ ಮಲಗಿಸಿಬಿಡ್ತಾರೆ. ಆಮೇಲೆ ಇವರನ್ನ ಯಾರು ನೋಡ್ಕೋತಾರೆ? ಅದಕ್ಕೇ ಇವರ ನಂಬರಲ್ಲೇ ತೋರಿಸ್ಕೊಂಡೆ. ಈಗ ಆ ಎದೆನೋವು ಇವರದ್ದೇ ಅಂದ್ಕೊಂಡು ಆಪರೇಷನ್ ನಿಲ್ಲಿಸಿದ್ರೆ ಇವರು ಮತ್ತೆ ನಡೆಯೋದಿಲ್ಲ ಕಣೆ."

"ಮೂರು ಕೆಜಿ ಇಳಿದಿದ್ದೀರಿ. ಅದು ನಿಮಗೆ ಗೊತ್ತಾ?"

ಮಡಿಸಿದ ಹೊದಿಕೆಗಳ ನಡುವಿನಿಂದ ಫೈಲ್ ಹೊರಬಂತು.

"ಚಪ್ಪಲಿ ಹಾಕ್ಕೊಳ್ಳಿ. ಹೊಸ ಫೈಲಿಗೆ ನನ್ನ ನಂಬರ್ ಕೊಡ್ತೀನಿ."

*

ಕ್ಲಿನಿಕ್ಕಿನ ಡಾಕ್ಟರು ನಮ್ಮಿಬ್ಬರನ್ನೂ ಚೆನ್ನಾಗಿ ಬೈದರು. ಆರು ಭೇಟಿಗಳ ಹಾಳೆಗಳನ್ನು ಅತ್ತೆಯ ಹೊಸ ಫೈಲಿಗೆ ವರ್ಗಾಯಿಸಿ ಸಹಿ ಹಾಕಿದರು. ಅತ್ತೆಗೆ ಇಸಿಜಿ ಮಾಡಿಸಿ ಹೊಸ ಮಾತ್ರೆ ಬರೆದರು.

ಸಂಜೆ ಭಾವನ ಕೈಗೆ ಫೈಲ್ ಇಟ್ಟೆ.

"ಎಲ್ಲಿತ್ತು?"

"ನನ್ನ ಚೀಲದಲ್ಲೇ. ಮರೆತುಬಿಟ್ಟಿದ್ದೆ."

"ನೀನು ಓದಿದ್ದೆಲ್ಲ ದಂಡ!"

"ಪೊಲೀಸರಿಗೆ ಟೀ ಇಡ್ಲಾ ಸಾರ್?" ಆಯಾ ಒಳಗಿನಿಂದ ಕೇಳಿದಳು.

ಭಾವ ಪೆಚ್ಚಾದರು. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಆಪರೇಷನ್ ಆದ ಮರುದಿನ ತಮ್ಮ ಕಾಯಿಲೆಯನ್ನು ಮಕ್ಕಳಿಗೆ ಅವರೇ ಹೇಳಬೇಕು. ಹಾಗಂತ ದಾರಿಯಲ್ಲಿ ಮಾತು ತೆಗೆದುಕೊಂಡಿದ್ದೆ. ಆದರೆ ಫೈಲ್ ಕದ್ದವರು ಯಾರೆಂಬುದನ್ನು ನಾನು ಯಾರಿಗೂ ಹೇಳುವುದಿಲ್ಲ. ನನ್ನ ಗಂಡನಿಗೂ.