ನೆಲ ಮುಟ್ಟದ ನಾಯಿ

"ಇದನ್ನ ಕೆಳಗೆ ಬಿಡೋದೇ ಇಲ್ವಾ ನೀವು?"

ಅವಳು ತಲೆ ಎತ್ತಿ ಕೇಳಿದಳು. ಎದುರಿಗೆ ಶಾಲೆಯ ಡ್ರಿಲ್ ಮಾಸ್ತರು. ಬಾಗಿಲು ತುಂಬುವಷ್ಟು ದೊಡ್ಡ ಆಳು, ಕೊರಳಲ್ಲಿ ಸೀಟಿ. ಕೈಯಲ್ಲಿ ಮಾತ್ರ ಅಂಗೈಯಗಲದ ಒಂದು ನಾಯಿ!

ಪ್ರಾಣಿಗಳ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಅವಳ ಕೆಲಸ. ನಾಯಿಗಳಿಗೆ ಸ್ನಾನ ಮಾಡಿಸುವುದು, ಉಗುರು ಕತ್ತರಿಸುವುದು. ನಡೆಯುವ ನಾಯಿಯ ಉಗುರು ನೆಲಕ್ಕೆ ತಾಗಿ ತಾನೇ ಸವೆಯುತ್ತದೆ. ಇದರ ಉಗುರು ಕೊಕ್ಕೆಯಂತೆ ಬಾಗಿ ಪಾದಕ್ಕೇ ಚುಚ್ಚಿಕೊಂಡಿತ್ತು.

ಇಂಥವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಉರಿಯದೆ ಇನ್ನೇನು? ಬಾಚಣಿಗೆ, ಬೀಗದ ಕೈ ಜೊತೆಗೆ ನಾಯಿಯನ್ನೂ ಕೈಚೀಲಕ್ಕೆ ತುರುಕಿಕೊಂಡು ಬರುವ ಹೆಂಗಸರು. ಅದಕ್ಕೆ ಸ್ವೆಟರ್ ಹಾಕಿ, ಜುಟ್ಟು ಕಟ್ಟಿ, ನಮ್ಮ ಪಾಪು ನೆಲ ಮುಟ್ಟಲ್ಲ ಎಂದು ಬೀಗುವ ಗಂಡಸರು. ಮುಟ್ಟಲ್ಲವಂತೆ! ನೆಲ ಮೂಸದ ಮೇಲೆ ಅದು ನಾಯಿ ಹೇಗಾಯಿತು? ಒಡವೆ. ಉಚ್ಚೆ ಹೊಯ್ಯುವ ಒಡವೆ.

ಮಾಸ್ತರು ಪ್ರತಿ ತಿಂಗಳೂ ಬಂದರು. ಅವಳು ಉಗುರು ಕತ್ತರಿಸುವಾಗ ನಾಯಿಯ ಕಣ್ಣಿಗೆ ಅಂಗೈ ಅಡ್ಡ ಹಿಡಿದು, ತಾವೇ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಆ ಕೈ ನೋಡುತ್ತ ನೋಡುತ್ತ ಅವಳೊಳಗೆ ಏನೋ ಕರಗತೊಡಗಿತು...

'ಇಷ್ಟು ಮೆದು ಕೈಯವನು ಇಷ್ಟು ಪೆದ್ದನಾ? ಛೆ!'

ಮನೆಯಲ್ಲಿ ಅಕ್ಕನಿಗೆ ಸುಳಿವು ಹತ್ತಿತ್ತು. ಬಂದ ಸಂಬಂಧಗಳನ್ನೆಲ್ಲ ನಾಲಿಗೆಯಿಂದಲೇ ಓಡಿಸಿದ್ದೀಯ, ಇವನೊಬ್ಬನ ಮುಂದಾದರೂ ಬಾಯಿ ಮುಚ್ಚಿಕೊಂಡಿರು ಎಂದು ಬೇಡಿಕೊಂಡಳು.

ಮುಚ್ಚಿಕೊಂಡಿರಬೇಕಿತ್ತು. ಆದರೆ ಅಂದು ಮಾಸ್ತರು ನಾಯಿಯನ್ನು ಶರ್ಟಿನೊಳಗಿಟ್ಟು ಗುಂಡಿ ಹಾಕಿಕೊಂಡು ಬಂದರು. ಅದರ ತಲೆ ಮಾತ್ರ ಕಾಲರಿನ ಹತ್ತಿರ ಇಣುಕುತ್ತಿತ್ತು. ಹೊರಗಿನ ಬೆಂಚುಗಳ ತುಂಬ ಜನ. ಅವಳಿಗೆ ತಡೆಯಲಾಗಲಿಲ್ಲ.

"ಊರ ಮಕ್ಕಳನ್ನೆಲ್ಲ ಓಡಿಸ್ತೀರಿ. ಇದಕ್ಕೆ ನಾಲ್ಕು ಕಾಲಿದೆ, ಇದನ್ನ ಮಾತ್ರ ಬಸುರಿ ಥರ ಹೊತ್ಕೊಂಡು ತಿರುಗ್ತೀರಿ. ನಾಚಿಕೆ ಆಗಲ್ವಾ ಮಾಸ್ತರೇ?"

ಎಲ್ಲರೂ ಗೊಳ್ಳೆಂದು ನಕ್ಕರು. ಕೈಚೀಲದಲ್ಲಿ ನಾಯಿ ಇಟ್ಟುಕೊಂಡವರೂ ನಕ್ಕರು, ಮಾನಗೆಟ್ಟವರು. ಮಾಸ್ತರು ಹಾಗೇ ತಿರುಗಿ ಹೋದರು.

ಮುಂದಿನ ತಿಂಗಳು ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ.

ಕೊನೆಗೆ ಅವಳು ನಾಚಿಕೆ ಬಿಟ್ಟು ಡಾಕ್ಟರಮ್ಮನನ್ನು ಕೇಳಿದಳು. ಮರಿಯಾಗಿದ್ದಾಗ ಅದು ಮಾಸ್ತರ ಬೂಟಿನಡಿ ಸಿಕ್ಕಿ ಪಕ್ಕೆಲುಬು ಮುರಿದುಕೊಂಡಿತ್ತಂತೆ. ಬದುಕಿದ್ದೇ ಹೆಚ್ಚಂತೆ. ಅಂದಿನಿಂದ ಆ ಮನುಷ್ಯ ಅದನ್ನು ನೆಲಕ್ಕೆ ಬಿಟ್ಟಿಲ್ಲವಂತೆ.

ಅವಳ ಎದೆ ಚುರ್ ಎಂದಿತು. 'ಶೋಕಿ ಅಂದ್ಕೊಂಡೆನಲ್ಲ... ಅದು ಭಯ!'

ಭಯವಾದರೇನು, ಒಂದು ಜೀವದಿಂದ ಅದರ ಕಾಲು ಕಸಿಯುವುದು ತಪ್ಪೇ. ಅದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಆದರೆ ಈಗ ಹೋಗಿ ಮಾತಾಡದಿದ್ದರೆ ಆ ಕೈ ಇನ್ನೆಂದೂ ತನ್ನ ಮೇಜಿನ ಮೇಲೆ ಕಾಣುವುದಿಲ್ಲ ಎಂಬುದೂ ಅಷ್ಟೇ ಖಂಡಿತವಾಗಿತ್ತು.

ಸಂಜೆ ಶಾಲೆಯ ಮೈದಾನಕ್ಕೆ ಹೋದಳು. ಮಕ್ಕಳು ಹೊರಟುಹೋಗಿದ್ದರು. ಮಾಸ್ತರು ಬರಿಗಾಲಲ್ಲಿ, ಪಾದ ಎತ್ತದೆ, ನೆಲ ಸವರುತ್ತ ಹೆಜ್ಜೆ ಹಾಕುತ್ತಿದ್ದರು. ಮುಂದೆ ಆ ಪುಟ್ಟ ನಾಯಿ ಹುಲ್ಲು ಮೂಸಿ ಮೂಸಿ ಸೀನುತ್ತಿತ್ತು.

"ಬೂಟು ಎಲ್ಲಿ?" ಅವಳು ಕೇಳಿದಳು.

"ಬಿಚ್ಚಿಟ್ಟೆ. ಬರಿಗಾಲಾದ್ರೆ ಅದು ಪಾದಕ್ಕೆ ತಾಗಿದ ಕೂಡ್ಲೇ ಗೊತ್ತಾಗುತ್ತೆ." ಮಾಸ್ತರು ತಲೆ ತಗ್ಗಿಸಿದರು. "ನೀವು ಬೈದ ಮಾರನೇ ದಿನದಿಂದ ನಡೆಸ್ತಿದ್ದೀನಿ. ಉಗುರು ತಾನೇ ಸವೆದುಹೋಯ್ತು... ನಿಮ್ಮ ಹತ್ರ ಬರೋಕೆ ಕಾರಣಾನೇ ಇಲ್ಲದ ಹಾಗಾಯ್ತು."

ಬಾರದೆ ಇದ್ದದ್ದು ಸಿಟ್ಟಿನಿಂದಲ್ಲ! ಎರಡು ತಿಂಗಳು ಅವಳು ಅತ್ತಿದ್ದು ಸವೆದ ಉಗುರಿಗೆ!

"ನಾನು ಅಂದಿದ್ದು ತಪ್ಪಲ್ಲ ಮಾಸ್ತರೇ," ಎಂದಳು. "ಅಷ್ಟು ಜನರ ಎದುರು ಅಂದಿದ್ದು ತಪ್ಪು."

"ಮತ್ತೆ ಎತ್ಕೊಂಡ್ರೆ?"

"ಮತ್ತೆ ಬೈತೀನಿ."

"ದಿನಾ ಎತ್ಕೊಂಡ್ರೆ... ದಿನಾ ಬಂದು ಬೈತೀರಾ?"

ಅವಳ ಕಣ್ಣು ತುಂಬಿ ಬಂತು. ಚಪ್ಪಲಿ ಬಿಟ್ಟು, ಅವರ ಪಕ್ಕಕ್ಕೆ ಬಂದು ನಿಂತಳು.

"ಅದಕ್ಕೋಸ್ಕರ ಪಾಪ ಅದನ್ನ ಯಾಕೆ ಹೊರ್ತೀರಿ? ಇರು ಅಂದ್ರೆ ಹಾಗೇ ಇರ್ತೀನಿ."

"ಇರು," ಎಂದರು ಮಾಸ್ತರು.